ಕಾಳಿಯ ಚಿಪ್ಪಿಗೂ ಪರೀಕ್ಷೆ ಬೇಕು



ಕಾರವಾರದ ಚಿತ್ತಾಕುಲ, ಕೋಡಿಬಾಗದ ದಂಡೆಗಳಲ್ಲಿ ಇಳಿತದ ಹೊತ್ತಿಗೆ ಹೆಕ್ಕುವ ತಿಸ್ರಿ, ಕಲ್ವದಂಥ ಚಿಪ್ಪಿಗಳು ಪೌಷ್ಟಿಕ ಆಹಾರವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಇವು ನೀರನ್ನು ಸೋಸಿ ಬದುಕುವ ಜೀವಿಗಳು. ನೀರಿನಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ ಅವೂ ಚಿಪ್ಪಿಯ ಮಾಂಸದಲ್ಲಿ ಕೂಡಿಕೊಳ್ಳುತ್ತವೆ. ದಾಂಡೇಲಿಯ ಕೈಗಾರಿಕೆಗಳನ್ನು ಹಾದು ಬರುವ ಕಾಳಿ ನದಿ ಕಡಲು ಸೇರುವುದು ಇಲ್ಲೇ. ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯ ಮೀನು, ಬೆಳೆಗಳಲ್ಲಿ ವಿಕಿರಣ ಅಳೆಯುತ್ತದೆ. ಆದರೆ ಲೋಹದ ಪರೀಕ್ಷೆಯೇ ಬೇರೆ. ಚರಂಡಿಯಂಚಿನಲ್ಲಿ ಬೆಳೆದ ಒಂದೆಲಗದ ಸೊಪ್ಪಿನಲ್ಲೂ ಹೀಗೆ ಲೋಹ ಸೇರಬಹುದು. ರಫ್ತಾಗುವ ಸಸ್ಯಮೂಲ ಆಯುರ್ವೇದ ಔಷಧಿಗಳಿಗೆ 2006ರಿಂದ ಭಾರಲೋಹ ಪರೀಕ್ಷೆ ಕಡ್ಡಾಯ. ನಮ್ಮ ಮಕ್ಕಳಿಗೆ ಅರೆದು ಕುಡಿಸುವ ಸೊಪ್ಪಿಗೆ ಆ ಕಾವಲಿಲ್ಲ.

ಹಿಂದಿನವರು ಈ ಚಿಪ್ಪಿ, ಸೊಪ್ಪನ್ನೇ ತಿಂದು ಗಟ್ಟಿಯಾಗಿದ್ದರು ಎನ್ನುವವರಿದ್ದಾರೆ. ಅವರ ಕಾಲದ ಹೊಳೆ ಬೇರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗದು. ಪರೀಕ್ಷೆಯ ಸುದ್ದಿಯಿಂದಲೇ ಚಿಪ್ಪಿ ಮಾರುವ ಹೆಂಗಸರ ವ್ಯಾಪಾರ ಕೆಟ್ಟೀತು ಎಂಬ ಆತಂಕವನ್ನು ಮಾತ್ರ ತಳ್ಳಿಹಾಕಲಾಗದು. ಅದಕ್ಕೆಂದೇ ಫಲಿತಾಂಶವನ್ನು ಮೊದಲು ಅವರಿಗೆ, ಕನ್ನಡ ಮತ್ತು ಕೊಂಕಣಿಯಲ್ಲಿ, ಯಾವ ದಂಡೆಯದು ಯಾವ ತಿಂಗಳದು ಎಂಬ ವಿವರದೊಂದಿಗೆ ತಿಳಿಸಬೇಕು. ಒಂದು ಕಡೆ ದೋಷ ಕಂಡರೆ ಇನ್ನೊಂದು ಕಡೆ ಹೆಕ್ಕಬಹುದು. ಶುದ್ಧವೆಂದಾದರೆ ಮಾಲಿಗೇ ಬೆಲೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರವಿದೆ. ಜಿಲ್ಲಾಡಳಿತ ಇವರನ್ನು ಕೂಡಿಸಿ, ಮಳೆಗಾಲದ ಮೊದಲೂ ನಂತರವೂ ಮಾದರಿ ತೆಗೆಸಲಿ.

— ಓದುಗರೊಬ್ಬರು, ಚಿತ್ತಾಕುಲ