ಅನಿಮಿಷರಲ್ಲ, ಮನುಷ್ಯರು

ದಾದಿಯರನ್ನು ದೇವತೆಗಳೆಂದು ಹೊಗಳುವುದು ನಮ್ಮಲ್ಲೊಂದು ರೂಢಿ. ಇದರಲ್ಲಿ ಅನುಕೂಲವೂ ಉಂಟು: ದೇವತೆಗಳು ಅನಿಮಿಷರು, ರೆಪ್ಪೆ ಮುಚ್ಚುವವರಲ್ಲ, ಆದ್ದರಿಂದ ಅವರ ನಿದ್ದೆಯ ಲೆಕ್ಕ ಯಾರೂ ಇಡಬೇಕಾಗಿಲ್ಲ!

ರಾತ್ರಿಪಾಳಿಯವಳು ಹಗಲಲ್ಲಿ ಮಲಗುತ್ತಾಳಲ್ಲ, ಮತ್ತೇನು ಎನ್ನುವವರಿದ್ದಾರೆ. ದೇಹದೊಳಗಿನ ಗಡಿಯಾರ ಸೂರ್ಯನನ್ನು ನಂಬುತ್ತದೆಯೇ ಹೊರತು ಪಾಳಿಪಟ್ಟಿಯನ್ನಲ್ಲ. ಹಗಲುನಿದ್ದೆ ಮೊಟಕು, ಅದೂ ಹರಕು. ಅದಕ್ಕೆ ಮೈ ಒಗ್ಗುವ ಮೊದಲೇ ಪಾಳಿ ಬದಲಾಗುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವರಂತೆ ಕುಂದುವುದನ್ನು ಪ್ರಯೋಗಗಳು ತೋರಿಸಿವೆ. ಅಷ್ಟು ಕುಡಿದು ಕಾರು ನಡೆಸಿದರೆ ನಮ್ಮ ಕಾನೂನು ಬಿಡದು. ಆ ಸ್ಥಿತಿಯಲ್ಲಿ ಸೂಜಿಮದ್ದು ಅಳೆಯುವುದು ಮಾತ್ರ ಸೇವೆ!

ಸೇವೆಯೆಂದರೆ ತ್ಯಾಗವಲ್ಲವೆ ಎನ್ನುವಿರಾ? ತ್ಯಾಗ ಅವಳದು, ಅಪಾಯ ರೋಗಿಯದು.

ದಾದಿಯರಿಗೆ ಪಾಳಿಗಳ ನಡುವೆ ಕನಿಷ್ಠ 12 ಗಂಟೆ ಎಡೆಬಿಡದ ವಿಶ್ರಾಂತಿ ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲೇ ಶಿಫಾರಸು ಮಾಡಿತು. ಆಸ್ಪತ್ರೆಗಳು ಇಷ್ಟನ್ನಾದರೂ ಪಾಲಿಸಲಿ. ಪಾಳಿ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದೆ ಸಾಗಲಿ, ಹಿಂದಕ್ಕೆ ಜಿಗಿಯದಿರಲಿ. ಇರುಳಿನ ಕೆಲಸಕ್ಕೆ ಜನ ಹೆಚ್ಚಲಿ.

ಮೇ 12ರ ಹೂಗುಚ್ಛವನ್ನು ಆಮೇಲೆ ಕೊಡೋಣ.