ಮರಿಗಳಿಗೆ ಮೊದಲ ತುತ್ತು

ಮೃಗಗಳನ್ನು ನೋಡಿ ಮನುಷ್ಯ ಬುದ್ಧಿ ಕಲಿಯಬೇಕೆಂಬ ಮಾತು ಪಂಚತಂತ್ರದಷ್ಟು ಹಳೆಯದು. ಇರುವೆ, ಜೇನುನೊಣಗಳ ಒಗ್ಗಟ್ಟಿನ ಉದಾಹರಣೆ ಕೇಳಿಬರದ ಶಾಲಾ ವಾರ್ಷಿಕೋತ್ಸವ ಈ ಗಡಿನಾಡಿನಲ್ಲಿ ಇರಲಾರದು. ಆದುದರಿಂದ ನಾವು ಇಂದು ಅಷ್ಟೇನೂ ಒಳ್ಳೆಯ ಹೆಸರಿಲ್ಲದ ಒಂದು ಪ್ರಾಣಿಯ ವಿಚಾರವನ್ನು ಎತ್ತಿಕೊಂಡಿದ್ದೇವೆ. ಅದು ನೀಲಗಿರಿಯ ಸೀಳುನಾಯಿ.

ಮಸಿನಗುಡಿಯ ಸುತ್ತಲಿನ ಕಾಡು, ಅದಕ್ಕೆ ತಾಗಿದ ಮುದುಮಲೆ, ಉತ್ತರಕ್ಕೆ ಬಂಡೀಪುರ, ಪಶ್ಚಿಮಕ್ಕೆ ವಯನಾಡು. ಹೀಗೆ ಮೂರು ರಾಜ್ಯಗಳು ಕೂಡುವ ಈ ಅರಣ್ಯದಲ್ಲಿ ಸೀಳುನಾಯಿಗಳು ಇಂದಿಗೂ ಉಳಿದಿವೆ. ರಾಜ್ಯ ಪುನರ್ವಿಂಗಡಣೆಯ ಗೆರೆಗಳು ಅವಕ್ಕೆ ತಿಳಿಯವು. ಅಷ್ಟರ ಮಟ್ಟಿಗೆ ಅವು ನಮಗಿಂತ ಸುಖಿಗಳು. ಬ್ರಿಟಿಷರ ಕಾಲದಲ್ಲಿ ಇವನ್ನು ಕ್ರೂರ ಜಂತುವೆಂದು ಬಗೆದು, ಬಹುಮಾನ ಕೊಟ್ಟು ಕೊಲ್ಲಿಸುತ್ತಿದ್ದರು. ಕಾನೂನಿನ ರಕ್ಷಣೆ ದೊರೆತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ.

1970ರ ದಶಕದ ಉತ್ತರಾರ್ಧದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಎಂಬ ವಿಜ್ಞಾನಿ ಬಂಡೀಪುರದಲ್ಲಿ ಇವುಗಳ ಬೆನ್ನುಹತ್ತಿ ಅಧ್ಯಯನ ನಡೆಸಿದರು. ಹದಿನೈದು ಕಿಲೋ ತೂಗುವ ಒಂದು ನಾಯಿ ಒಂಟಿಯಾಗಿ ದೊಡ್ಡ ಕಡವೆಯನ್ನು ಕೆಡವಲಾರದು, ಗುಂಪು ಕೆಡವುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಗಮನ ಸೆಳೆದದ್ದು ಬೇಟೆಯಲ್ಲ, ಬಿಲದ ಬಳಿಯ ವ್ಯವಸ್ಥೆ. ಮರಿಗಳಿರುವ ಕಾಲದಲ್ಲಿ ಎಲ್ಲ ನಾಯಿಗಳೂ ಬೇಟೆಗೆ ಓಡುವುದಿಲ್ಲ. ಕೆಲವು ಕಾವಲಿಗೆ ನಿಲ್ಲುತ್ತವೆ. ಬೇಟೆಗೆ ಹೋದವು ಹೊಟ್ಟೆಯಲ್ಲಿ ತಂದ ಮಾಂಸವನ್ನು ಕಕ್ಕಿ ಮರಿಗಳಿಗೂ ತಾಯಿಗೂ ಉಣಿಸುತ್ತವೆ. ಮರಿಗಳು ಬೆಳೆದು ಗುಂಪಿನ ಜತೆ ಹೊರಟ ಮೇಲೂ ಬಿದ್ದ ಬೇಟೆಯಲ್ಲಿ ಮೊದಲ ತುತ್ತು ಅವಕ್ಕೇ. ಇದನ್ನು ತ್ಯಾಗವೆಂದು ಹೊಗಳಿದರೆ ಅತಿಯಾದೀತು. ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಹೆಣ್ಣು, ಉಳಿದವು ಬಹುಮಟ್ಟಿಗೆ ಅದರ ಬಂಧುಗಳು. ತಮ್ಮದೇ ಕುಲ ಉಳಿಯಲೆಂಬ ಪ್ರಕೃತಿಯ ಲೆಕ್ಕಾಚಾರವಿದು. ಆದರೆ ಕುಲ ಉಳಿಯಬೇಕೆಂಬ ಲೆಕ್ಕ ನಮಗೂ ಇದೆಯಷ್ಟೆ?

ಕಾಸರಗೋಡಿನ ಕನ್ನಡಿಗರಲ್ಲಿ ಬೇಟೆಗೆ ಹೊರಡುವವರಿಗೆ ಎಂದೂ ಬರವಿರಲಿಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ಮೆರವಣಿಗೆ, ಮನವಿ, ಸತ್ಯಾಗ್ರಹಗಳನ್ನು ನಡೆಸಿದ್ದೇವೆ. 1967ರ ಮಹಾಜನ ವರದಿಯನ್ನು ಇಂದಿಗೂ ಹೆಸರು ಹಿಡಿದು ಕೇಳುತ್ತಿದ್ದೇವೆ. ಕನ್ನಡವೇ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ನೇಮಿಸಿದಾಗಲೆಲ್ಲ ಹೆತ್ತವರೂ ಊರವರೂ ಗೇಟಿನ ಮುಂದೆ ಕೂಡಿದ್ದಾರೆ. ಅದು ಸಣ್ಣ ಕೆಲಸವಲ್ಲ. ಆದರೆ ಗಲಾಟೆ ಅಡಗಿದ ಮರುದಿನ ಬಿಲದ ಬಳಿ ಕಾವಲಿಗೆ ಯಾರಿದ್ದಾರೆ? ಜೂನ್ ತಿಂಗಳಲ್ಲಿ ಒಂದನೇ ತರಗತಿಗೆ ಎಷ್ಟು ಮಕ್ಕಳು ಬಂದರೆಂದು ಮನೆ ಮನೆ ವಿಚಾರಿಸುವವರು ಯಾರು? ಭಾಷಾಭಿಮಾನದ ಭಾಷಣ ಮಾಡುವವರ ಮನೆಯ ಮಕ್ಕಳು ಯಾವ ಬಸ್ಸು ಹತ್ತುತ್ತಾರೆಂಬುದನ್ನು ನಾವು ಇಲ್ಲಿ ಬರೆಯಹೊರಟಿಲ್ಲ. ಓದುಗರು ಬೆಳಗ್ಗೆ ರಸ್ತೆ ಬದಿಯಲ್ಲಿ ನಿಂತು ನೋಡಬಹುದು.

ನಮ್ಮ ಸಮಾರಂಭಗಳ ಕ್ರಮವೂ ಹಾಗೆಯೇ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಸನ್ಮಾನ, ಆರೇಳು ಮಂದಿಯ ಶುಭಾಶಂಸನೆ. ಮುಖಕ್ಕೆ ಬಣ್ಣ ಹಚ್ಚಿಕೊಂಡ ಮಕ್ಕಳು ಅಷ್ಟರಲ್ಲಿ ತಾಯಂದಿರ ಮಡಿಲಲ್ಲಿ ನಿದ್ದೆಹೋಗಿರುತ್ತಾರೆ. ಮುಂದಿನ ಕಾರ್ಯಕ್ರಮದ ಆಮಂತ್ರಣ ಪತ್ರ ಅಚ್ಚಿಗೆ ಹೋಗುವ ಮೊದಲು ಸಂಘಟಕರು ಈ ಕ್ರಮವನ್ನು ಒಮ್ಮೆ ತಿರುವಿ ಹಾಕಿ ನೋಡಲಿ. ವರದಿಯನ್ನು ನಾವೂ ಅದೇ ಕ್ರಮದಲ್ಲಿ ಅಚ್ಚು ಹಾಕುತ್ತೇವೆ: ಮಕ್ಕಳ ಹೆಸರು ಮೊದಲು, ಗಣ್ಯರ ಹೆಸರು ಜಾಗವುಳಿದರೆ.