ಒಂದೇ ಕಾಲುವೆಗೆ ಎರಡು ತೂಬು

ಮಕ್ಕಳೇ, ಹೋದ ತಿಂಗಳ ಒಂದು ಸಂಜೆ ನಮ್ಮ ಮನೆಯಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಊಟ ಮಾಡಲಿಲ್ಲ. ಒಂಬತ್ತನೇ ತರಗತಿಯ ಮೊಮ್ಮಗಳು ಕಂಪ್ಯೂಟರಿನ ಮುಂದೆ ಅಳುತ್ತಾ ಕುಳಿತಿದ್ದಳು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವಳು ಕಾಲುವೆಯ ಮೇಲೆ ಸ್ಲೈಡು ಮಾಡುತ್ತಿದ್ದಳು. ಭೀಮರಾಯನಗುಡಿಯ ಮಕ್ಕಳಿಗೆ ಕಾಲುವೆ ಬಿಟ್ಟು ಬೇರೆ ವಿಷಯ ಎಲ್ಲಿಂದ ಹೊಳೆಯಬೇಕು! ಊರು ಬೆಳೆದದ್ದೇ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳಿಂದ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆ 78 ಕಿಲೋಮೀಟರ್ ಉದ್ದ. ಅದರಿಂದ ಒಡೆದ ಶಹಾಪುರ ಶಾಖಾ ಕಾಲುವೆ ನಮ್ಮ ಕಡೆ ಬರುತ್ತದೆ. ಅದರ ನಕ್ಷೆ, ಫೋಟೊ, ವಿಡಿಯೊ ಎಲ್ಲವನ್ನೂ ಒಂದೇ ಸಲ ತೆರೆದಿಟ್ಟಿದ್ದಳು. ನಮ್ಮ ಕಂಪ್ಯೂಟರೋ ಹಳೆಯದು, 2 ಜಿಬಿ ರ‍್ಯಾಮ್. ಮೊದಲು ನಿಧಾನವಾಯಿತು. ಆಮೇಲೆ ಮೌಸಿನ ಬಾಣ ಅಲುಗಾಡಲಿಲ್ಲ. ಪೆಟ್ಟಿಗೆಯ ಕೆಂಪು ದೀಪ ಆರದೆ ಉರಿಯಿತು. ಸ್ವಲ್ಪ ಹೊತ್ತಿಗೆ ಸ್ಲೈಡಿನ ಕಿಟಕಿ ತಾನೇ ಮುಚ್ಚಿಕೊಂಡಿತು. ಮಧ್ಯಾಹ್ನದಿಂದ ಮಾಡಿದ್ದು ಸೇವ್ ಆಗಿರಲಿಲ್ಲ.

"ಮುತ್ಯಾ, ಸ್ವಾಪ್ ಇಟ್ಟೀನಿ, ಏನೂ ಆಗಂಗಿಲ್ಲ ಅಂದಿದ್ದಿ" ಎಂದಳು. ಅಂದದ್ದು ನಿಜ.

ಈ ಸ್ವಾಪ್ ಎಂದರೇನು? ನಿಮ್ಮ ಅಜ್ಜ ಅಜ್ಜಿಯರನ್ನು ಹಗೇವು ಎಂದರೇನೆಂದು ಕೇಳಿ. ದಿನಕ್ಕೆ ಬೇಕಾದಷ್ಟು ಜೋಳ ಅಡುಗೆಮನೆಯ ಡಬ್ಬಿಯಲ್ಲಿ, ಉಳಿದದ್ದು ನೆಲದೊಳಗಿನ ಹಗೇವಿನಲ್ಲಿ. ಡಬ್ಬಿಗೆ ಕೈ ಹಾಕಿದರೆ ಜೋಳ ಸಿಕ್ಕಿತು. ಹಗೇವಿನದು ಬೇಕೆಂದರೆ ಮಣ್ಣು ಸರಿಸಿ, ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೂ ಕಾದು ಇಳಿಯಬೇಕು. ರ‍್ಯಾಮ್ ಡಬ್ಬಿ, ಹಾರ್ಡ್ ಡಿಸ್ಕಿನಲ್ಲಿ ಮೀಸಲಿಟ್ಟ ಸ್ವಾಪ್ ಜಾಗ ಹಗೇವು. ರ‍್ಯಾಮ್ ತುಂಬಿದಾಗ, ಸದ್ಯ ಯಾರೂ ಮುಟ್ಟದ ಮಾಹಿತಿಯನ್ನು ಲಿನಕ್ಸ್ ಡಿಸ್ಕಿಗೆ ಸಾಗಿಸುತ್ತದೆ. ಬೇಕಾದಾಗ ವಾಪಸು ತರುತ್ತದೆ. ಒಂದು ಸಲಕ್ಕೆ ಸಾಗಿಸುವ ತುಣುಕಿಗೆ 'ಪುಟ' ಎಂದೇ ಹೆಸರು. ನಮ್ಮಂಥ ಯಂತ್ರಗಳಲ್ಲಿ ಒಂದು ಪುಟಕ್ಕೆ 4,096 ಬೈಟು. 2 ಜಿಬಿಯಲ್ಲಿ ಇಂಥ ಪುಟಗಳೆಷ್ಟು, ಲೆಕ್ಕ ಹಾಕಿ ನೋಡಿ: 5,24,288.

ಆದರೆ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಒಂದು ಪುಟ್ಟ ತೋಳು ಅದರ ಮೇಲೆ ಓಡಾಡಿ ಓದುತ್ತದೆ. ಬೇಕಾದ ಜಾಗಕ್ಕೆ ಆ ತೋಳು ಹೋಗಿ ನಿಲ್ಲಲು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಬೇಕು. ನಮಗದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ, ರ‍್ಯಾಮಿನ ಲೆಕ್ಕದಲ್ಲಿ ಸುಮಾರು ಲಕ್ಷ ಪಟ್ಟು ಹೆಚ್ಚು. ನಮ್ಮ ಯಂತ್ರದಲ್ಲಿ ಸ್ವಾಪ್ ಇದ್ದದ್ದೇ 1 ಜಿಬಿ. ಅದೂ ತುಂಬಿದ ಮೇಲೆ ಲಿನಕ್ಸಿಗೆ ಉಳಿದದ್ದು ಒಂದೇ ದಾರಿ, ಹೆಚ್ಚು ಜಾಗ ತಿನ್ನುತ್ತಿದ್ದ ಕಾರ್ಯಕ್ರಮವನ್ನು ಕೊಲ್ಲುವುದು. ಸ್ಲೈಡು ಹೋದದ್ದು ಹಾಗೆ.

ಸರಿ, ಸ್ವಾಪ್ ಹೆಚ್ಚಿಸೋಣ ಎಂದು ಮರುದಿನ ಡಿಸ್ಕಿನಲ್ಲಿ ಖಾಲಿ ಇದ್ದ ಭಾಗದಲ್ಲಿ ಇನ್ನೊಂದು ಸ್ವಾಪ್ ಮಾಡಿದೆ. ಎರಡಕ್ಕೂ ಸಮಾನ ಆದ್ಯತೆ ಕೊಟ್ಟರೆ ಲಿನಕ್ಸ್ ಸರದಿಯ ಮೇಲೆ ಎರಡಕ್ಕೂ ಹಂಚುತ್ತದೆ, ಕೆಲಸ ಬೇಗ ಆಗುತ್ತದೆ ಎಂದು ಓದಿದ್ದೆ. ಎರಡಕ್ಕೂ 10 ಎಂದು ಕೊಟ್ಟೆ. ಯಂತ್ರ ಮೊದಲಿಗಿಂತ ನಿಧಾನವಾಯಿತು! ಪೆಟ್ಟಿಗೆಯೊಳಗಿಂದ ಕರ್ ಕರ್ ಸದ್ದು ಬೇರೆ.

ಮೊಮ್ಮಗಳು ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಇಣುಕಿದಳು. "ಮುತ್ಯಾ, ಇದರಾಗ ಡಿಸ್ಕ್ ಒಂದೇ ಐತಲ್ಲ? ನೀ ಎರಡು ಅಂದಿ."

ಕಾಲುವೆಯ ಗೇಟು ಏರಿಸಿ ಇಳಿಸಿ ನಿವೃತ್ತನಾದ ನನಗೆ ಇದು ಮೊದಲೇ ತಿಳಿಯಬೇಕಿತ್ತು. ಒಂದೇ ಕಾಲುವೆಗೆ ಎರಡು ತೂಬು ಇಟ್ಟರೆ ನೀರು ಹೆಚ್ಚಾಗುವುದಿಲ್ಲ. ವಾರಾಬಂದಿ ಕಾಲದಲ್ಲಿ ರೈತರಿಗೆ ನಾನೇ ಎಷ್ಟು ಸಲ ಹೇಳಿದ್ದೇನೋ! ಡಿಸ್ಕಿನಲ್ಲಂತೂ ಇನ್ನೂ ಕಷ್ಟ: ತೋಳು ಇರುವುದು ಒಂದೇ ಕಡೆಗೆ ಹೋಗಲು, ಎರಡು ಸ್ವಾಪ್ ಜಾಗಗಳ ನಡುವೆ ಅತ್ತಿಂದಿತ್ತ ಓಡಿ ಓಡಿ ಸುಸ್ತಾಗುತ್ತದೆ. ಸಮಾನ ಆದ್ಯತೆಯ ಲಾಭ ಸಿಗಬೇಕಾದರೆ ಡಿಸ್ಕುಗಳು ನಿಜವಾಗಿಯೂ ಎರಡಿರಬೇಕು. ಆಗ ಒಂದರ ತೋಳು ಒಂದು ಪುಟ ಬರೆಯುವಾಗ ಇನ್ನೊಂದರ ತೋಳು ಮತ್ತೊಂದು ಪುಟ ಬರೆಯುತ್ತದೆ.

ಇದು ಹೊಸ ಉಪಾಯವೇನಲ್ಲ. ರ‍್ಯಾಮ್ ಸಾಲದಾಗ ಪುಟಗಳನ್ನು ಹೊರಗಿಡುವ ಪದ್ಧತಿ 1962ರಲ್ಲೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲಿತ್ತು; ಆಗ ಪುಟಗಳು ಹೋಗುತ್ತಿದ್ದುದು ತಿರುಗುವ ಡ್ರಮ್ಮಿಗೆ. ನಾನು ಬಳಸಿದ 'ಸ್ವಾಪ್‌ಆನ್' ಎಂಬ ಆಜ್ಞೆ ಬಂದದ್ದು 1980ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸಿನಲ್ಲಿ.

ಎರಡನೇ ಡಿಸ್ಕು ಎಲ್ಲಿದೆ? ಮಗನ ಹಳೆಯ ಕಂಪ್ಯೂಟರಿನದು ಅಟ್ಟದ ಮೇಲಿತ್ತು. ಧೂಳು ಒರೆಸಿ ಜೋಡಿಸಿದೆವು. ಇನ್ನು ಸ್ವಾಪ್ ಮಾಡುವುದಷ್ಟೇ ಎಂದು 'ಎಂಕೆಸ್ವಾಪ್' ಆಜ್ಞೆ ಬರೆದು, ಮುಂದೆ ಆ ಡಿಸ್ಕಿನ ಹೆಸರು ಬರೆದೆ. ಎಂಟರ್ ಒತ್ತುವುದೊಂದೇ ಬಾಕಿ.

"ತಡಿ ಮುತ್ಯಾ, ಒಳಗ ಏನೈತಿ ನೋಡಿದ್ದೀ?"

ನೋಡಿರಲಿಲ್ಲ. ತೆರೆದು ನೋಡಿದರೆ ಅದರೊಳಗೆ ಅವಳ ಅಜ್ಜಿಯ ಫೋಟೊಗಳು. ಅವಳು ತೀರಿಹೋಗಿ ಆರು ವರ್ಷ. ಮಗನ ಮದುವೆಯಲ್ಲಿ, ಸಂಕ್ರಾಂತಿಯ ದಿನ ಹೊಲದಲ್ಲಿ, ಕಾಲುವೆಯ ದಂಡೆಯ ಮೇಲೆ ಸೆರಗು ಹೊದ್ದು ನಿಂತದ್ದು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಆ ಆಜ್ಞೆ ಕೊಟ್ಟ ಜಾಗವನ್ನು ಸ್ವಾಪ್ ತನ್ನದೆಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಹೋಗಿ ಬರುವ ಪುಟಗಳು ಅಲ್ಲಿದ್ದ ಫೋಟೊಗಳ ಮೇಲೇ ಬರೆದುಕೊಂಡು ಹೋಗುತ್ತವೆ. ನಾನು ಕೀಲಿಮಣೆಯಿಂದ ಕೈ ತೆಗೆದೆ. ಮೊದಲು ಎಲ್ಲ ಫೋಟೊಗಳನ್ನು ಎರಡು ಪೆನ್‌ಡ್ರೈವಿಗೆ ನಕಲು ಮಾಡಿದೆವು. ಒಂದು ಮಗನಿಗೆ, ಒಂದು ನಮಗೆ.

ಆಮೇಲೂ ಇಡೀ ಡಿಸ್ಕನ್ನು ಸ್ವಾಪಿಗೆ ಕೊಡಲಿಲ್ಲ. ಅದರಲ್ಲಿ 2 ಜಿಬಿಯ ಒಂದು ಕಡತ ಮಾಡಿ, ಮೂಲ ಬಳಕೆದಾರ 'ರೂಟ್' ಬಿಟ್ಟು ಬೇರೆಯವರು ಓದದಂತೆ 600 ಎಂಬ ಅನುಮತಿ ಕೊಟ್ಟು, ಆ ಕಡತವನ್ನೇ ಸ್ವಾಪ್ ಮಾಡಿದೆವು. ಉಳಿದ ಜಾಗ ಹಾಗೇ ಇದೆ. ಮೊದಲ ಡಿಸ್ಕಿನಲ್ಲಿದ್ದ ಎರಡು ಸ್ವಾಪ್ ತೆಗೆದು, ಅಲ್ಲೂ 2 ಜಿಬಿಯ ಒಂದನ್ನೇ ಉಳಿಸಿದೆವು.

ಮೊದಲ ಸಲ ಆದ್ಯತೆ ಬರೆಯುವುದನ್ನು ಮರೆತೆ. ಆದ್ಯತೆ ಕೊಡದಿದ್ದರೆ ನಮ್ಮ ಯಂತ್ರದ ಲಿನಕ್ಸ್ ತಾನೇ ಇಳಿಯುವ ಸಂಖ್ಯೆ ಕೊಡುತ್ತದೆ, ಮೈನಸ್ 2, ಮೈನಸ್ 3 ಹೀಗೆ. ಹೆಚ್ಚಿನದು ಪೂರ್ತಿ ತುಂಬುವವರೆಗೂ ಎರಡನೆಯದನ್ನು ಮುಟ್ಟುವುದಿಲ್ಲ. 'ಸ್ವಾಪ್‌ಆನ್ ಶೋ' ಎಂದು ಕೇಳಿದರೆ ಒಂದು ಸಾಲಿನಲ್ಲಿ 900 ಎಂಬಿ, ಕೆಳಗಿನ ಸಾಲಿನಲ್ಲಿ ಸೊನ್ನೆ. 'ಎಫ್‌ಎಸ್‌ಟ್ಯಾಬ್' ಎಂಬ ಕಡತದಲ್ಲಿ ಎರಡೂ ಸಾಲಿಗೆ 'ಪಿಆರ್‌ಐ 10' ಎಂದು ಬರೆದು ಮತ್ತೆ ಶುರು ಮಾಡಿದ ಮೇಲೆ ಎರಡು ಸಾಲೂ ಹೆಚ್ಚು ಕಡಿಮೆ ಜೊತೆಜೊತೆಯಾಗಿ ಏರತೊಡಗಿದವು. ಕರ್ ಕರ್ ಸದ್ದು ನಿಂತಿತು. ಕಿಟಕಿಯಿಂದ ಕಿಟಕಿಗೆ ಹೋಗುವಾಗ ಸ್ವಲ್ಪ ತಡೆಯುತ್ತದೆ, ಅಷ್ಟೇ. ಡಬ್ಬಿ ದೊಡ್ಡದಾಗಲಿಲ್ಲವಲ್ಲ! ಇನ್ನೊಂದು ರ‍್ಯಾಮ್ ಕಡ್ಡಿ ಸಿಕ್ಕರೆ ಇಷ್ಟೆಲ್ಲ ಪಾಡು ಬೇಕಿಲ್ಲ.

ಮನೆಯಲ್ಲಿ ಮಾಡಿ ನೋಡುವವರಿಗೆ ಎರಡು ಮಾತು. ಒಂದು ಡಿಸ್ಕು ಚುರುಕು, ಇನ್ನೊಂದು ನಿಧಾನದ್ದಾದರೆ ಸಮ ಮಾಡಬೇಡಿ, ಚುರುಕಿನದಕ್ಕೆ ದೊಡ್ಡ ಸಂಖ್ಯೆ ಕೊಡಿ. ಸಾಯುವ ಹಂತದ ಡಿಸ್ಕನ್ನಂತೂ ಸೇರಿಸಲೇಬೇಡಿ. ಪುಟಗಳು ಎರಡೂ ಕಡೆ ಹಂಚಿಹೋಗಿರುವುದರಿಂದ ಒಂದು ಕೈಕೊಟ್ಟರೂ ನಡೆಯುತ್ತಿರುವ ಕೆಲಸ ಅಲ್ಲೇ ಬೀಳುತ್ತದೆ. ಅಟ್ಟದ ಡಿಸ್ಕಿನ ಆರೋಗ್ಯ ಪರೀಕ್ಷಿಸುವ ಕಾರ್ಯಕ್ರಮವನ್ನು ನಾವು ಇಡೀ ರಾತ್ರಿ ಓಡಿಸಿದ ಮೇಲೆಯೇ ಅದನ್ನು ನಂಬಿದ್ದು.

ಮೊಮ್ಮಗಳು ಸ್ಲೈಡುಗಳನ್ನು ಮೊದಲಿನಿಂದ ಮಾಡಿದಳು, ಈ ಸಲ ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುತ್ತಾ. ಮೊದಲ ಸ್ಲೈಡಿಗೆ ಕಾಲುವೆಯ ನಕ್ಷೆ ಹಾಕುವವಳಿದ್ದಳು. ಅದನ್ನು ಎರಡನೆಯದಕ್ಕೆ ಸರಿಸಿ, ದಂಡೆಯ ಮೇಲೆ ನಿಂತ ಅಜ್ಜಿಯನ್ನು ಮೊದಲು ಹಾಕಿದ್ದಾಳೆ.